ಕೆಂಪು ಚುಕ್ಕೆಗಳ ವರ್ಷ

ಏಪ್ರಿಲ್ ಬಂತೆಂದರೆ ಫೋರ್ಟ್ ಮಿಲ್‌ನ ನಮ್ಮ ಬೀದಿಯಲ್ಲಿ ಮಲ್ಚ್ ಲಾರಿಗಳ ಓಡಾಟ ಶುರುವಾಗುತ್ತದೆ. ಮರದ ತೊಗಟೆಯನ್ನು ಚೂರು ಮಾಡಿ, ಕಪ್ಪು ಬಣ್ಣ ಹಾಕಿ, ಗಿಡಗಳ ಬುಡಕ್ಕೆ ಹರಡುವ ಈ ಪುಡಿಗೆ ಒಂದು ಹುಳಿ ವಾಸನೆಯಿದೆ. ಮೊನ್ನೆ ಎದುರು ಮನೆಯ ಮುಂದೆ ಒಂದು ರಾಶಿ ಸುರಿದು ಹೋದರು. ಕಾಫಿ ಲೋಟ ಹಿಡಿದು ಹೊರಗೆ ನಿಂತಿದ್ದ ನನ್ನ ಮೂಗಿಗೆ ಆ ವಾಸನೆ ಬಡಿಯಿತು, ಮತ್ತು ನನಗೆ ಸಿಟ್ಟು ಬಂತು. ಬೆಳ್ಳಂಬೆಳಗ್ಗೆ ಮುಖ ಯಾಕೆ ಹೀಗೆ ಎಂದು ನನ್ನ ಗಂಡ ಶ್ರೀಧರ ಕೇಳಿದರು. ಕ್ಲಾರ್ಕ್ಸ್‌ಬರ್ಗ್ ನೆನಪಾಯಿತು ಅಂದೆ. ಅವರು ಮೆಲ್ಲಗೆ ಒಳಗೆ ಹೋದರು. ಆ ವರ್ಷದ ಬಗ್ಗೆ ನಾನು ಮಾತು ತೆಗೆದರೆ ಬೇಗ ಮುಗಿಸುವುದಿಲ್ಲ ಎಂದು ಅವರಿಗೆ ಗೊತ್ತು.

ಕೋವಿಡ್ ಮಾಸ್ಕ್‌ಗಳು ಮೂಗಿನಿಂದ ಗದ್ದಕ್ಕೆ, ಗದ್ದದಿಂದ ಕಾರಿನ ಕನ್ನಡಿಗೆ ಇಳಿದಿದ್ದ ವರ್ಷ ಅದು. ಮೇರಿಲ್ಯಾಂಡಿನ ಕ್ಲಾರ್ಕ್ಸ್‌ಬರ್ಗ್‌ನಲ್ಲಿ ನಮ್ಮ ಮನೆ. ಹೊಸ ಬಡಾವಣೆ, ಒಂದೇ ಅಚ್ಚಿನ ಮನೆಗಳು, ಪ್ರತಿ ಮನೆಗೂ ಎರಡು ಕಾರು. ಬೀದಿಗೆ ನಾಲ್ಕಾದರೂ ಕನ್ನಡದ ಮನೆಗಳು. ಶ್ರೀಧರ ಹತ್ತಿರದ ಫ್ರೆಡರಿಕ್ ಊರಿನ ಆಸ್ಪತ್ರೆಯಲ್ಲಿ ಪೆಥಾಲಜಿಸ್ಟ್. ನಾನು ವಾಷಿಂಗ್ಟನ್ ನಗರದ ನೀರು ಸರಬರಾಜಿನಲ್ಲಿ ಇಂಜಿನಿಯರ್. ಬೆಳಗ್ಗೆ ರೈಲಿನ ಕೊನೆಯ ಸ್ಟೇಷನ್‌ವರೆಗೆ ಕಾರಿನಲ್ಲಿ ಹೋಗಿ, ಅಲ್ಲಿ ಅದನ್ನು ನಿಲ್ಲಿಸಿ, ಮುಂದಕ್ಕೆ ರೈಲು ಹತ್ತುತ್ತಿದ್ದೆ. ಇಡೀ ಬಡಾವಣೆಯಲ್ಲಿ ರೈಲು ಹತ್ತುವವರು ಬೆರಳೆಣಿಕೆಯಷ್ಟು ಜನ. ಉಳಿದವರಿಗೆ ಅದು ಭಾರತದಿಂದ ಬಂದ ಅತ್ತೆ ಮಾವನಿಗೆ ಶ್ವೇತಭವನ ತೋರಿಸಲು ಹೋಗುವಾಗ ಮಾತ್ರ ಬೇಕಾದ ವಸ್ತು.

ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕೋವಿಡ್ ದಿನಗಳಲ್ಲಿ ನನಗೆ ರೈಲು ಸಿಗದೆ ಒಂಥರಾ ಆಗಿತ್ತು. ನಮ್ಮ ಕಚೇರಿಯಲ್ಲಿ ಪಂಪ್‌ಹೌಸ್‌ಗಳ ನೀರಿನ ಮಟ್ಟದ ಸುದ್ದಿ ರೇಡಿಯೊ ಮೂಲಕವೇ ಬರುತ್ತಿದ್ದುದರಿಂದ ಆ ವಿದ್ಯೆಯ ಪರಿಚಯ ಅಷ್ಟಿಷ್ಟು ಇತ್ತು. ರೈಲಿನವರ, ಪೊಲೀಸರ ರೇಡಿಯೊ ಮಾತು ಹಿಡಿದು ಕೇಳಿಸುವ ಒಂದು ಸ್ಕ್ಯಾನರ್ ಕೊಂಡೆ. ಬಡಾವಣೆಯ ಮನೆ ಮಾಲೀಕರ ಸಂಘ ಹೊರಗೆ ಆಂಟೆನಾ ಕಟ್ಟಲು ಬಿಡುವುದಿಲ್ಲ. ಹಾಗಾಗಿ ಅಟ್ಟಕ್ಕೆ ಹತ್ತಿ, ಹಳೆಯ ಸೂಟ್‌ಕೇಸುಗಳ ಮೇಲೆ ಅದನ್ನು ಕಟ್ಟಿದೆ. ರೈಲು ಪೊಲೀಸರ ಮಾತು ಅಡುಗೆಮನೆಯಲ್ಲಿ ಕೇಳಿಸತೊಡಗಿತು. ಆ ರಾಜ್ಯದಲ್ಲಿ ಇದನ್ನು ಕೇಳುವುದು ಕಾನೂನಿಗೆ ವಿರುದ್ಧವೂ ಅಲ್ಲ, ಕದ್ದು ಕೇಳುವ ಕೆಲಸವೂ ಅಲ್ಲ. ಆಗ ಆ ಮಾತು ಎಲ್ಲರಿಗೂ ತೆರೆದೇ ಇತ್ತು. ಕಿವಿಗೊಡುವವರು ಕಡಿಮೆ, ಅಷ್ಟೇ.

ಕೇಳಿಸಿದರೆ ಸಾಲದು, ಅರ್ಥವಾಗಬೇಕು. ಮಾತು ಒಂದೇ ಫ್ರೀಕ್ವೆನ್ಸಿಯಲ್ಲಿ ನಿಲ್ಲುವುದಿಲ್ಲ. ಒಬ್ಬರು ಕೇಳಿದ ಪ್ರಶ್ನೆ ಒಂದರಲ್ಲಿ ಬಂದರೆ ಉತ್ತರ ಇನ್ನೊಂದಕ್ಕೆ ಹಾರಿರುತ್ತದೆ. ಸ್ಕ್ಯಾನರ್ ಅದರ ಹಿಂದೆ ಓಡುವಂತೆ ಮಾಡಲು ನನಗೆ ವಾರಗಟ್ಟಲೆ ಹಿಡಿಯಿತು. ಆಮೇಲೆ ಸಂಖ್ಯೆಗಳ ಕೆಲಸ. ಪೊಲೀಸರು ರೇಡಿಯೊದಲ್ಲಿ ಹೆಸರು ಹೇಳುವುದಿಲ್ಲ, ಪ್ರತಿಯೊಬ್ಬರಿಗೂ ಒಂದು ಕರೆ ಸಂಖ್ಯೆ. ಮೊದಲ ಅಂಕಿ ಮೂರಾದರೆ ನಮ್ಮ ಕಡೆಯ ಹಳಿ, ಇಂಥ ಅಕ್ಷರ ಸೇರಿದರೆ ನಾಯಿಯ ತಂಡ, ಇಂಥದ್ದಾದರೆ ಮೇಲಧಿಕಾರಿ ಎಂಬುದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಕೇಳಿ ಕೇಳಿ, ತಾಳೆ ಹಾಕಿ, ತಪ್ಪಿ, ತಿದ್ದಿಕೊಂಡು ಗೊತ್ತಾದದ್ದು. ಈ ಹವ್ಯಾಸದವರ ಒಂದು ಆನ್‌ಲೈನ್ ಗುಂಪಿನಲ್ಲಿ ಅಟ್ಲಾಂಟಾದ ಗ್ಲೋರಿಯಾ ಎಂಬ ಹೆಂಗಸಿನ ಪರಿಚಯವಾಯಿತು. ದಂತವೈದ್ಯರ ಬಳಿ ಕೆಲಸ ಮಾಡಿ ನಿವೃತ್ತಳಾದವಳು, ತನ್ನೂರಿನ ರೈಲುಗಳ ರೇಡಿಯೊ ಕೇಳುತ್ತಿದ್ದಳು. ಅವಸರ ಮಾಡಬೇಡ, ದನಿಗಳನ್ನು ಮೊದಲು ಗುರುತು ಹಿಡಿ, ಸಂಖ್ಯೆ ತಾನಾಗಿ ಬಿಡಿಸಿಕೊಳ್ಳುತ್ತದೆ ಎಂದು ಹೇಳಿದ್ದು ಅವಳೇ.

ಹಾಗೆ ಗುರುತಾದ ದನಿಗಳಲ್ಲಿ ಒಂದು ಮೂರು ನಲವತ್ತೇಳು. ಗಂಡಸಿನ ದನಿ, ದಕ್ಷಿಣದ ಎಳೆತ, ಎಂದೂ ಏರದ ಮಾತು. ಅವನ ಮುಖ ನಾನು ನೋಡಿಲ್ಲ. ಆದರೆ ಅವನಿಗೆ ಯಾವ ದಿನ ರಜೆ, ಯಾವ ಸ್ಟೇಷನ್‌ನ ಎಸ್ಕಲೇಟರ್ ಕಂಡರೆ ಅವನಿಗಾಗದು, ಎಲ್ಲ ಗೊತ್ತಿತ್ತು. ಒಮ್ಮೆ ಯಾರೋ ಅಜ್ಜ ಕಿವಿಯಂತ್ರವನ್ನು ಹಳಿಯ ಮೇಲೆ ಬೀಳಿಸಿಕೊಂಡಾಗ, ಅದನ್ನು ತೆಗೆದುಕೊಡುವವರೆಗೆ ಅವನು ಅಲ್ಲಿಂದ ಕದಲಲಿಲ್ಲ. ಕಾರ್ ಪಾರ್ಕಿನಲ್ಲಿ ಕಾಡು ಟರ್ಕಿ ಕೋಳಿ ನುಗ್ಗಿ ಜನರನ್ನು ಅಟ್ಟಿಸಿಕೊಂಡು ಹೋದ ದಿನ ನಾನು ನಕ್ಕು ನಕ್ಕು ಚಪಾತಿ ಸೀಯಿಸಿದ್ದೆ. ನಿದ್ದೆಹೋಗಿ ಕೊನೆಯ ಸ್ಟೇಷನ್‌ವರೆಗೆ ಬಂದ ಮಕ್ಕಳು, ಕೆಟ್ಟ ಲಿಫ್ಟಿನಲ್ಲಿ ಸಿಕ್ಕ ಗಾಲಿಕುರ್ಚಿ, ಎದೆನೋವು, ಮರೆತ ಚೀಲ. ಜಗಳ, ಕಳ್ಳತನ ಕೂಡ ಇದ್ದವು. ಚಾಕುವೂ ಒಂದು ಸಲ ಇತ್ತು. ಊರೆಂದರೆ ಇದೆಲ್ಲ ಇದ್ದದ್ದೇ. ಅಡುಗೆಮನೆಯಲ್ಲಿ ನಿಂತು ಒಂದು ದೊಡ್ಡ ಊರಿನ ದಿನಚರಿ ಕೇಳುವುದು ನನಗೆ ಬಹಳ ಇಷ್ಟವಾಗಿತ್ತು.

ಈ ಹುಚ್ಚಿನ ಬಗ್ಗೆ ನಮ್ಮ ಬಳಗದಲ್ಲಿ ಕುತೂಹಲ ತೋರಿಸಿದವರು ಒಬ್ಬರೇ, ಪ್ರಸನ್ನ. ಮೈಸೂರಿನವರು, ನಮ್ಮಿಂದ ಎರಡು ಬೀದಿ ಆಚೆ ಮನೆ. ಭಾನುವಾರದ ಕನ್ನಡ ಶಾಲೆ ನಡೆಸುತ್ತಿದ್ದವರು. ಕೋವಿಡ್ ಬಿಗಿಯಾಗಿದ್ದಾಗ ಕಾಯಿಲೆ ಬಿದ್ದವರ ಮನೆ ಬಾಗಿಲಿಗೆ ದಿನಸಿ ಇಟ್ಟುಬಂದವರು. ಕೆಟ್ಟ ಮನುಷ್ಯ ಎಂದು ಅವರನ್ನು ಯಾರೂ ಹೇಳಲಾರರು, ನಾನೂ ಹೇಳುವುದಿಲ್ಲ. ಆ ಚಳಿಗಾಲ, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಒಂದು ಪಾಟ್‌ಲಕ್‌ನಲ್ಲಿ ಅವರು ಬಂದು ಪಕ್ಕದಲ್ಲಿ ಕೂತು, ಅದು ಹೇಗೆ ಕೇಳಿಸತ್ತೆ, ಅದರರ್ಥ ಏನು ಎಂದೆಲ್ಲ ವಿಚಾರಿಸಿದರು. ನನಗೆ ಹಿಗ್ಗಾಯಿತು. ಯಾವ ಸಂಖ್ಯೆ ಯಾರು, ಯಾವ ಸ್ಟೇಷನ್‌ಗೆ ಯಾವ ಗುರುತು ಎಂದು ನಾನು ಗುಂಪಿನವರಿಗಾಗಿ ಮಾಡಿಟ್ಟಿದ್ದ ಪಟ್ಟಿಯನ್ನೇ ಅವರಿಗೆ ಕಳಿಸಿದೆ.

ಅದೇ ಚಳಿಗಾಲದಲ್ಲಿ ನಮ್ಮ ಬೀದಿಗೆ ವಾಣಿ ಬಂದಳು. ಗದಗಿನ ಹುಡುಗಿ, ಮೈಕ್ರೊಬಯಾಲಜಿ ಓದಿದವಳು. ಗಂಡ ಮಹೇಶ ಇಂಜಿನಿಯರ್. ನಾನು ವಿಜಯಪುರದವಳೆಂದು ತಿಳಿದ ದಿನವೇ ನನ್ನನ್ನು ಅಕ್ಕಾರ ಎಂದು ಕರೆಯಲು ಶುರು ಮಾಡಿದಳು. ಕೆಲಸದ ಪರ್ಮಿಟ್ ಆಗಷ್ಟೇ ಕೈಗೆ ಬಂದು, ರೈಲಿನ ದಾರಿಯಲ್ಲಿರುವ ಬೆಥೆಸ್ಡಾದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಡ್ರೈವಿಂಗ್ ಯಾವಾಗ ಕಲಿಯುತ್ತೀ ಎಂದು ಎಲ್ಲರೂ ಕೇಳುತ್ತಿದ್ದರು. ಅವಳು ಕಲೀತೀನಿ ಎಂದು ನಗುತ್ತಿದ್ದಳು.

ಫೆಬ್ರವರಿಯ ಒಂದು ಶನಿವಾರ ಇಬ್ಬರೂ ಇಂಡಿಯನ್ ಗ್ರೋಸರಿಗೆ ಹೋಗಿದ್ದೆವು. ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳುತ್ತಿದ್ದವಳು ಮಾತಿನ ನಡುವೆ ತಡೆದಳು. ಕಣ್ಣು ಮೇಲೆ ಹೋಯಿತು, ಕೈಕಾಲು ಬಿಗಿದು ನಡುಗಿದವು. ನಾನು ಅವಳನ್ನು ಪಕ್ಕಕ್ಕೆ ಹೊರಳಿಸಿ ಹಿಡಿದುಕೊಂಡೆ. ಸ್ವಲ್ಪ ಹೊತ್ತಿಗೆ ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು, ಹೊರಗೆ ಯಾರಾದರೂ ನೋಡಿದರೇ ಎಂದು. ಹತ್ತನೆಯ ತರಗತಿಯಿಂದ ಫಿಟ್ಸ್ ಇತ್ತಂತೆ. ಮಾತ್ರೆ ನಡೆಯುತ್ತಿದೆ, ತಿಂಗಳುಗಟ್ಟಲೆ ಏನೂ ಇರುವುದಿಲ್ಲ, ಆಮೇಲೆ ಹೀಗೆ. ಫಿಟ್ಸ್ ಬಾರದೆ ಇಷ್ಟು ತಿಂಗಳು ಕಳೆಯದೆ ಇಲ್ಲಿ ಕಾರು ಓಡಿಸುವಂತಿಲ್ಲ, ಪ್ರತಿ ಸಲ ಬಂದಾಗಲೂ ಸ್ಟೀರಿಂಗ್ ಮುಟ್ಟುವ ದಿನ ಮತ್ತೆ ಮುಂದಕ್ಕೆ ಹೋಗುತ್ತದೆ.

"ಅಕ್ಕಾರ, ಇದನ್ನ ಯಾರ ಮುಂದನೂ ಹೇಳಬ್ಯಾಡ್ರಿ," ಅಂದಳು. "ಊರಾಗ ತಂಗಿಗೆ ವರಾ ನೋಡಾಕತ್ತಾರ. ಇಲ್ಲಿ ಒಂದ ಗ್ರೂಪಿನಾಗ ಸುದ್ದಿ ಬಂದ್ರ ಗದಗಿಗೆ ಮುಟ್ಟಾಕ ಎಷ್ಟೊತ್ತು ಬೇಕು?"

ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ಹೊತ್ತಿಗೆ ಕೌಂಟಿಯವರು, ಅಂದರೆ ಅಲ್ಲಿನ ಜಿಲ್ಲಾಡಳಿತ, ಹೊಸ ಬಸ್ಸೊಂದನ್ನು ಯೋಚಿಸುತ್ತಿದ್ದರು. ಕ್ಲಾರ್ಕ್ಸ್‌ಬರ್ಗ್‌ನಿಂದ ನೇರ ರೈಲು ಸ್ಟೇಷನ್‌ಗೆ, ಬೆಳಗಿನಿಂದ ರಾತ್ರಿಯವರೆಗೆ. ನಮ್ಮ ಬಡಾವಣೆಯ ಒಳಗೇ, ಈಜುಕೊಳದ ಪಕ್ಕದಲ್ಲಿ ಒಂದು ಸ್ಟಾಪ್. ವಾಣಿಯ ಮನೆಯಿಂದ ಕೂಗಳತೆ. ನಕ್ಷೆ ನೋಡಿದ ದಿನ ಅವಳು ಲ್ಯಾಬಿಗೆ ಬರುತ್ತೇನೆಂದು ಒಪ್ಪಿಗೆ ಬರೆದಳು.

ಬಡಾವಣೆ ಮಾತ್ರ ಹೊತ್ತಿ ಉರಿಯಿತು. ಬಸ್ ಬಂದರೆ ಯಾರ್ಯಾರೋ ಬರುತ್ತಾರೆ, ಮನೆಯ ಬೆಲೆ ಬೀಳುತ್ತದೆ, ಮಕ್ಕಳು ಸೈಕಲ್ ತುಳಿಯುವ ಜಾಗ. ವಾಟ್ಸಾಪಿನಲ್ಲಿ ಸೇಫ್ಟಿ ಎಂಬ ಹೊಸ ಗ್ರೂಪ್ ಹುಟ್ಟಿತು. ಅದಕ್ಕೆ ಪ್ರಸನ್ನ ಅಡ್ಮಿನ್. ಒಂದು ದಿನ ಅದರಲ್ಲಿ ಒಂದು ಮ್ಯಾಪ್ ಬಂತು. ರೈಲು ಮಾರ್ಗದ ಉದ್ದಕ್ಕೂ ಕೆಂಪು ಚುಕ್ಕೆಗಳು, ಕೊನೆಯ ಸ್ಟೇಷನ್‌ನ ಸುತ್ತ ಸಿಡುಬು ಎದ್ದಂತೆ. ಮೇಲೆ ಬರೆದಿತ್ತು: ಇದು ನಮ್ಮ ಮನೆ ಬಾಗಿಲಿಗೆ ಬರಬೇಕಾ?

ಹತ್ತಿರದಿಂದ ನೋಡಿದರೆ ಅದು ನನ್ನ ಪಟ್ಟಿ. ನಾನು ಇಟ್ಟ ಗುರುತುಗಳು, ನಾನು ಬಿಡಿಸಿದ ಸಂಖ್ಯೆಗಳು, ನಾನು ಮಾಡಿದ ಒಂದು ತಪ್ಪು ಕೂಡ ಹಾಗೇ ಇತ್ತು. ಪ್ರಸನ್ನ ಒಂದು ಸ್ಕ್ಯಾನರ್ ಕೊಂಡಿದ್ದರು. ಕಂಪ್ಯೂಟರಿಗೆ ಜೋಡಿಸಿ, ಪೊಲೀಸರಿಗೆ ಹೋದ ಪ್ರತಿ ಕರೆಗೂ ಒಂದು ಚುಕ್ಕೆ ಇಡುವಂತೆ ಮಾಡಿದ್ದರು. ಕಿವಿಯಂತ್ರ ಬೀಳಿಸಿಕೊಂಡ ಅಜ್ಜ ಒಂದು ಚುಕ್ಕೆ. ಟರ್ಕಿ ಕೋಳಿ ಒಂದು ಚುಕ್ಕೆ.

ನಾನು ಸೀದಾ ಅವರ ಮನೆಗೆ ಹೋದೆ. ಗ್ಯಾರೇಜಿನ ಮುಂದೆ ಮಲ್ಚ್ ರಾಶಿ ಹಾಕಿಸಿಕೊಂಡು, ಸಲಿಕೆ ಹಿಡಿದು ಹರಡುತ್ತಿದ್ದರು. ಇಡೀ ಬೀದಿ ಆ ಹುಳಿ ವಾಸನೆ ಹೊಡೆಯುತ್ತಿತ್ತು. ಈ ಚುಕ್ಕೆಗಳಲ್ಲಿ ಮುಕ್ಕಾಲುಪಾಲು ಅಪರಾಧವೇ ಅಲ್ಲ, ಕಾಯಿಲೆಯವರು, ದಾರಿ ತಪ್ಪಿದವರು, ಕೆಟ್ಟ ಲಿಫ್ಟು ಎಂದು ಒಂದೊಂದನ್ನೂ ಬಿಡಿಸಿ ಹೇಳಿದೆ. ಅವರು ಸಲಿಕೆ ಊರಿ ನಿಂತು ಪೂರ್ತಿ ಕೇಳಿಸಿಕೊಂಡರು. ಬಹಳ ವಿನಯವಾಗಿ ಕೇಳಿಸಿಕೊಂಡರು.

"ಗಿರಿಜಾ ಅವರೇ, ನಾನೇನೂ ಸುಳ್ಳು ಹಾಕಿಲ್ಲವಲ್ಲ," ಅಂದರು. "ಪೊಲೀಸ್ ಕಾಲ್ ಬಂದಿದೆ, ಡಾಟ್ ಹಾಕಿದೀನಿ. ಇಂಟರ್‌ಪ್ರೆಟ್ ಮಾಡೋದು ಜನಕ್ಕೆ ಬಿಟ್ಟಿದ್ದು."

ಜನ ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂದು ತಿಳಿದೇ ಹಾಕಿದ ಚುಕ್ಕೆಗೆ ಕೆಂಪು ಬಣ್ಣ ಯಾಕೆ ಎಂದು ಕೇಳಿದೆ. ಅದು ಡೀಫಾಲ್ಟ್ ಬಣ್ಣ ಅಂದರು.

ಕೌಂಟಿಯ ಸಾರ್ವಜನಿಕ ಸಭೆ ಮಿಡ್ಲ್ ಸ್ಕೂಲಿನ ಕೆಫೆಟೇರಿಯಾದಲ್ಲಿ, ಒಂದು ಸಂಜೆ. ಮಕ್ಕಳ ಕುಳ್ಳ ಬೆಂಚುಗಳಲ್ಲಿ ಬಡಾವಣೆಯೇ ಬಂದು ಕೂತಿತ್ತು. ವಾಣಿ ನನ್ನ ಪಕ್ಕದಲ್ಲಿದ್ದಳು, ಮಹೇಶ ಅವಳ ಆಚೆಗೆ. ಪ್ರಸನ್ನ ಮ್ಯಾಪನ್ನು ದೊಡ್ಡ ಪರದೆಯ ಮೇಲೆ ಹಾಕಿದರು. ಜನ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು. ನನ್ನ ಸರದಿ ಬಂದಾಗ ಎದ್ದು, ಈ ಸಂಖ್ಯೆಗಳನ್ನು ಬಿಡಿಸಿದವಳೇ ನಾನು ಎಂದು ಹೇಳಿ, ಚುಕ್ಕೆಗಳ ಕಥೆ ಶುರು ಮಾಡಿದೆ. ಪ್ರತಿಯೊಬ್ಬರಿಗೂ ಮೂರೇ ನಿಮಿಷ. ನಾನು ಇನ್ನೂ ಲಿಫ್ಟಿನ ಹತ್ತಿರ ಇದ್ದಾಗ ಗಂಟೆ ಬಾರಿಸಿದರು. ಹಿಂದಿನಿಂದ ಒಬ್ಬರು ಎದ್ದು, ಹಾಗಾದರೆ ಅಲ್ಲಿ ಅಪರಾಧವೇ ನಡೆಯುವುದಿಲ್ಲ ಅನ್ನುತ್ತೀರಾ ಎಂದು ಕೇಳಿದರು. ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. ನಡೆಯುತ್ತದೆ, ಒಮ್ಮೆ ಚಾಕು ಹಿಡಿದವನ ಬಗ್ಗೆಯೂ ಕೇಳಿದ್ದೇನೆ ಅಂದೆ. ಅದಾದ ಮೇಲೆ ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಪ್ರಸನ್ನ ಮತ್ತೆ ಮೈಕ್ ಹಿಡಿದರು. ಜನರ ಕಡೆ ತಿರುಗಿ, ನ್ಯಾಯವಾಗಿ ಕೇಳೋಣ, ಇಲ್ಲಿ ಎಲ್ಲರ ಮನೆಯಲ್ಲೂ ಕಾರಿದೆ, ಈ ಬಸ್ಸನ್ನು ನಿಜವಾಗಿ ಹತ್ತುವವರು ಯಾರಿದ್ದೀರಿ, ಕೈ ಎತ್ತಿ ಅಂದರು.

ನಾನು ಎತ್ತಿದೆ. ನನ್ನದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನನ್ನ ಪಕ್ಕದಲ್ಲಿ ಬಟ್ಟೆ ಸರಿದ ಸದ್ದಾಯಿತು. ವಾಣಿ ಕೈ ಎತ್ತಿದ್ದಳು, ಮೊಣಕೈ ಮಡಿಸದೆ, ನೇರವಾಗಿ. ಇಡೀ ಕೆಫೆಟೇರಿಯಾ ತಿರುಗಿ ಅವಳನ್ನು ನೋಡಿತು.

ಪ್ರಸನ್ನ ನಕ್ಕರು. ಪ್ರೀತಿಯಿಂದಲೇ ನಕ್ಕರು, ಅದೇ ನನಗೆ ಇವತ್ತಿಗೂ ಸಹಿಸಲಾಗದ್ದು. ಕನ್ನಡದಲ್ಲಿ, ಮೈಕಿನಲ್ಲೇ ಹೇಳಿದರು: "ಅಯ್ಯೋ ವಾಣಿ, ಒಬ್ಬರಿಗೋಸ್ಕರ ಬಸ್ ಯಾಕಮ್ಮಾ? ಬಾ, ಈ ಸಮ್ಮರ್‌ನಲ್ಲಿ ನಾನೇ ಡ್ರೈವಿಂಗ್ ಕಲಿಸ್ತೀನಿ."

ಕನ್ನಡದವರೆಲ್ಲ ನಕ್ಕರು. ಪಕ್ಕದವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು, ಅವರೂ ನಕ್ಕರು. ನಾನು ಏಳಲು ಹೊರಟೆ. ಒಂದೇ ವಾಕ್ಯ ಸಾಕಿತ್ತು, ಆ ನಗುವನ್ನು ಅಷ್ಟೂ ಜನರ ಬಾಯಲ್ಲೇ ಒಣಗಿಸಬಹುದಿತ್ತು. ವಾಣಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಒತ್ತಿದಳು. ಅವಳೂ ನಗುತ್ತಿದ್ದಳು. ಆಮೇಲೆ ನಿಧಾನವಾಗಿ ಎತ್ತಿದ ಕೈ ಇಳಿಸಿದಳು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಹೈಸ್ಕೂಲಿನಲ್ಲಿದ್ದ ನಮ್ಮ ಮಗಳು ಅನು ಫೋನ್ ಹಿಡಿದು ಬಂದಳು. "ಅಮ್ಮ, ದೇ ಕ್ಲಿಪ್ಡ್ ಯೂ," ಅಂದಳು. ಸೇಫ್ಟಿ ಗ್ರೂಪಿನಲ್ಲಿ ನನ್ನ ವಿಡಿಯೊ ಓಡಾಡುತ್ತಿತ್ತು. ಚಾಕು ಹಿಡಿದವನ ಬಗ್ಗೆಯೂ ಕೇಳಿದ್ದೇನೆ ಎಂಬ ಒಂದೇ ತುಣುಕು. ಕೆಳಗೆ, ದಿನಾ ರೇಡಿಯೊ ಕೇಳುವವರೇ ಒಪ್ಪಿಕೊಂಡಿದ್ದಾರೆ ಎಂದು ಬರೆದಿತ್ತು.

ಬಸ್ ಬಂತು. ಸ್ಟಾಪ್ ಒಳಗೆ ಬರಲಿಲ್ಲ. ನಿವಾಸಿಗಳ ಅಭಿಪ್ರಾಯವನ್ನು ಗೌರವಿಸಿ, ಹೊರಗಿನ ಹೆದ್ದಾರಿಯ ಅಂಚಿನಲ್ಲಿ ಒಂದು ಕಂಬ ನೆಟ್ಟರು. ನೆರಳಿಲ್ಲ, ಬೆಂಚಿಲ್ಲ, ಅಲ್ಲಿಗೆ ಹೋಗಲು ಕಾಲುದಾರಿಯೂ ಇಲ್ಲ. ವಾಣಿ ಜೂನ್‌ನಲ್ಲಿ ಕೆಲಸಕ್ಕೆ ಸೇರಿದಳು. ದಿನಾ ಹುಲ್ಲಿನಲ್ಲಿ, ಚರಂಡಿಯ ಏರಿಯ ಮೇಲೆ, ಪಕ್ಕದಲ್ಲಿ ಐವತ್ತು ಮೈಲಿ ವೇಗದ ಕಾರುಗಳ ಗಾಳಿ ತಿನ್ನುತ್ತಾ ನಡೆದಳು. ಬೆಳಗ್ಗೆ ನನ್ನ ಕಾರಿನಲ್ಲೇ ಬಾ ಎಂದು ನಾನು ಒತ್ತಾಯಿಸಿದೆ. ನನ್ನ ವೇಳೆ ಹೊಂದಿದ ದಿನ ಬಂದಳು. ಉಳಿದ ದಿನ ಬರಲಿಲ್ಲ. ಇನ್ನೊಬ್ಬರ ವೇಳೆಗೆ ಕಾದು ಕೂತು ಸಾಕಾಗಿದೆ ಅಕ್ಕಾರ ಅಂದಳು. ಗುಡುಗು ಸಹಿತ ಮಳೆ ಬಂದ ಸಂಜೆಗಳಲ್ಲಿ, ಆ ಕಂಬದಿಂದ ಮನೆಗೆ ಅವಳು ಸಲ್ವಾರ್ ಮೊಣಕಾಲಿಗೆ ಏರಿಸಿ ಬರುತ್ತಿದ್ದರೆ ನಮ್ಮ ಜನರ ಕಾರುಗಳು ಅವಳನ್ನು ದಾಟಿ ಹೋಗುತ್ತಿದ್ದವು. ಕೆಲವರು ನಿಲ್ಲಿಸಿ ಹತ್ತಿಸಿಕೊಂಡು, ದಾರಿಯುದ್ದಕ್ಕೂ ಡ್ರೈವಿಂಗ್ ಬಗ್ಗೆ ಬುದ್ಧಿ ಹೇಳಿದರು. ಲೈಸೆನ್ಸ್ ಅಪ್ಲೈ ಮಾಡಿದ್ಯಾ ಎಂದು ಕೇಳದವರಿಲ್ಲ.

ಆಗಸ್ಟ್‌ನ ಒಂದು ಸಂಜೆ ನಾನು ರೊಟ್ಟಿ ಬಡಿಯುತ್ತಿದ್ದೆ. ಸ್ಕ್ಯಾನರ್ ಪಕ್ಕದಲ್ಲಿತ್ತು. ಮೂರು ನಲವತ್ತೇಳರ ದನಿ ಬಂತು. ಕೊನೆಯ ಸ್ಟೇಷನ್‌ನ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಯುವತಿಗೆ ಫಿಟ್ಸ್ ಬಂದಿದೆ, ಆಂಬುಲೆನ್ಸ್ ಕಳಿಸಿ ಅಂದ. ಸ್ವಲ್ಪ ತಡೆದು ಮತ್ತೆ ಮಾತಾಡಿದ. ಈಗ ನಿಂತಿದೆ. ತಲೆಯ ಕೆಳಗೆ ಅವಳ ಚೀಲವನ್ನೇ ಇಟ್ಟಿದ್ದೇನೆ. ಏನೋ ಹೇಳುತ್ತಿದ್ದಾಳೆ, ಯಾವ ಭಾಷೆಯೋ ತಿಳಿಯುತ್ತಿಲ್ಲ. ನಾನು ಇಲ್ಲೇ ಇರುತ್ತೇನೆ.

ಹಿಟ್ಟಿನ ಕೈಯಲ್ಲೇ ವಾಣಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಹೇಶನಿಗೆ ಮಾಡಿದೆ. ಅವನು ಆಗಲೇ ಕಾರಿನಲ್ಲಿದ್ದ, ಅವಳ ಫೋನಿನಿಂದ ಯಾರೋ ಪೊಲೀಸ್ ಮಾತಾಡಿದರು ಎಂದ. ಒಲೆ ಆರಿಸಿ ನಾನೂ ಹೊರಟೆ. ಆಸ್ಪತ್ರೆಯಲ್ಲಿ ಅವಳು ಎದ್ದು ಕೂತಿದ್ದಳು. ನಾಲಗೆ ಕಚ್ಚಿಕೊಂಡಿದ್ದರಿಂದ ಮಾತು ತೊದಲುತ್ತಿತ್ತು. ಪೊಲೀಸ್ ಒಳ್ಳೆಯವನಿದ್ದ, ಆಂಬುಲೆನ್ಸ್ ಬರುವವರೆಗೂ ನೆಲದ ಮೇಲೆ ಕೂತೇ ಇದ್ದ, ಹೆದರಬೇಡ ಎಂದು ಹೇಳುತ್ತಲೇ ಇದ್ದ ಅಂದಳು.

ಅಷ್ಟರಲ್ಲಿ ನನ್ನ ಫೋನ್ ಸದ್ದು ಮಾಡಿತು. ಸೇಫ್ಟಿ ಗ್ರೂಪ್. ಅಲರ್ಟ್: ಸ್ಟೇಷನ್‌ನಲ್ಲಿ ಪೊಲೀಸ್, ಆಂಬುಲೆನ್ಸ್. ಪ್ಲಾಟ್‌ಫಾರ್ಮ್ ಮೇಲೆ ಹೆಂಗಸು ಬಿದ್ದಿದ್ದಾಳೆ, ಡ್ರಗ್ಸ್ ಇರಬಹುದು, ಮಕ್ಕಳನ್ನು ಆ ಕಡೆ ಕಳಿಸಬೇಡಿ. ಕೆಳಗೆ ಕೈ ಮುಗಿದ ಚಿತ್ರಗಳು, ಥ್ಯಾಂಕ್ಸ್ ಪ್ರಸನ್ನ, ಗುಡ್ ವರ್ಕ್. ಮ್ಯಾಪಿನಲ್ಲಿ ಹೊಸದೊಂದು ಕೆಂಪು ಚುಕ್ಕೆ.

ನನ್ನ ಮುಖ ನೋಡಿ ವಾಣಿ ಫೋನ್ ಕಸಿದುಕೊಂಡಳು. ಎರಡು ಸಲ ಓದಿದಳು. ಅಳುತ್ತಾಳೆ ಅಂದುಕೊಂಡೆ. ಅವಳು ಅಳಲಿಲ್ಲ.

"ಹೇಳ್ರಿ ಅಕ್ಕಾರ. ಎಲ್ಲಾರಿಗೂ ಹೇಳ್ರಿ. ತಂಗಿ ಮದಿವಿ ಆದ್ರ ಆತು, ಆಗಲಿಲ್ಲ ಅಂದ್ರ ಇಲ್ಲ. ನನ್ನ ಡ್ರಗ್ಸಿನಾಕಿ ಅಂತ ಬರಕೊಳ್ಳೂದ ಬ್ಯಾಡ."

ಮಹೇಶ ನೀರಿನ ಲೋಟ ತುಂಬಿ ಅವಳ ಕೈಗೆ ಕೊಟ್ಟ.

ಮರುದಿನ ಬೆಳಗ್ಗೆ ಪ್ರಸನ್ನ ಡ್ರೈವ್‌ವೇಯಲ್ಲಿ ಕಾರು ತೊಳೆಯುತ್ತಿದ್ದರು. ಫೋನ್ ಹಿಡಿದು ಆ ಅಲರ್ಟ್ ತೋರಿಸಿದೆ. ನಾನು ಊರಿನ ಮಾತಿಗೆ ಇಳಿದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

"ಪ್ರಸನ್ನ ಅವರ, ಈ ಹೆಂಗಸು ಯಾರು ಗೊತ್ತೈತೇನು ನಿಮಗ? ವಾಣಿ. ಅಕೀಗೆ ಫಿಟ್ಸ್ ಐತಿ. ಅಕಿ ಕಾರ್ ಹೊಡ್ಯಾಂಗಿಲ್ಲ. ಅವತ್ತ ಮೈಕಿನಾಗ ನಕ್ಕಿರಲ್ಲ, ಅಕಿಗೇ ನಕ್ಕದ್ದು ನೀವು."

ಅವರ ಕೈಯಲ್ಲಿದ್ದ ಪೈಪಿನ ನೀರು ಕಾಲ ಮೇಲೆ ಹರಿಯುತ್ತಿತ್ತು. ಮುಖ ಬಿಳಿಚಿಕೊಂಡಿತು. ನಿಜವಾಗಿಯೂ ನೊಂದುಕೊಂಡರು, ಅದನ್ನು ಇಲ್ಲವೆನ್ನಲಾರೆ. "ಛೆ, ನಮಗೆ ಹೇಗೆ ಗೊತ್ತಾಗ್ಬೇಕಿತ್ತು? ಹೇಳ್ಬೇಕಿತ್ತಲ್ವಾ ಅವಳು," ಎಂದು ಅಲ್ಲೇ ಆ ಸಂದೇಶವನ್ನು ಅಳಿಸಿದರು.

ಮತ್ತೆ ಆ ಚುಕ್ಕೆ ಎಂದು ಕೇಳಿದೆ.

"ಅದು..." ಎಂದು ತಡವರಿಸಿದರು. "ಡೇಟಾ ಡೇಟಾನೇ ಅಲ್ವಾ ಗಿರಿಜಾ ಅವರೇ. ಕಾಲ್ ಅಂತೂ ಬಂದಿತ್ತು."

ನಾನು ತಿರುಗಿ ಬಂದುಬಿಟ್ಟೆ. ಅವರ ಹೆಂಡತಿ ಸಂಜೆ ವಾಣಿಯ ಮನೆಗೆ ಹಣ್ಣಿನ ಬುಟ್ಟಿ ಕೊಟ್ಟುಬಂದರು. ವಾರದೊಳಗೆ ಬಡಾವಣೆಯ ಆಂಟಿಯರೆಲ್ಲ ಫೋನ್ ಮಾಡಿ ಆಯುರ್ವೇದ, ಹರಕೆ, ಪಥ್ಯ ಹೇಳಿದರು. ಒಬ್ಬರೂ ಬಸ್ ಸ್ಟಾಪಿನ ಮಾತೆತ್ತಲಿಲ್ಲ. ಸುದ್ದಿ ಗದಗಿಗೆ ಅವಳು ಹೆದರಿದಷ್ಟೇ ಬೇಗ ಮುಟ್ಟಿತು. ವರನ ಕಡೆಯವರು ತಂಗಿಗೂ ಇದೆಯೇ ಎಂದು ಕೇಳಿ ಕಳಿಸಿದರು. ಹಾಗೆ ಕೇಳುವವರ ಮನೆಗೆ ನಾನು ಬರುವುದಿಲ್ಲ ಎಂದು ಆ ಹುಡುಗಿಯೇ ಹೇಳಿ ಮಾತುಕತೆ ಮುರಿದಳು. ಇದನ್ನು ವಾಣಿ ನನಗೆ ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು, ಅದರ ಹಿಂದೆಯೇ ನೋವೂ ಇತ್ತು.

ಅಕ್ಟೋಬರ್‌ನಲ್ಲಿ ರೇಡಿಯೊ ಸತ್ತುಹೋಯಿತು. ರೈಲು ಪೊಲೀಸರು ತಮ್ಮ ಎಲ್ಲ ಮಾತಿಗೂ ಬೀಗ ಹಾಕಿದರು. ಎನ್‌ಕ್ರಿಪ್ಟ್ ಮಾಡುವುದು ಅನ್ನುತ್ತಾರೆ. ಒಂದು ಬೆಳಗ್ಗೆ ಸ್ಕ್ಯಾನರ್ ಹಾಕಿದರೆ ಬರೀ ಗರಗರ. ಪ್ರಯಾಣಿಕರ ಖಾಸಗಿತನ ಎಂದು ಕಾರಣ ಕೊಟ್ಟಿದ್ದರು. ವಾಣಿಯನ್ನು ಆ ಸ್ಥಿತಿಯಲ್ಲಿ ನೋಡಿದ ಮೇಲೆ ಅದು ತಪ್ಪೆಂದು ಪೂರ್ತಿಯಾಗಿ ಹೇಳಲು ನನಗೆ ನಾಲಗೆ ಏಳಲಿಲ್ಲ. ಆದರೂ ಇಷ್ಟು ವರ್ಷ ತೆರೆದಿದ್ದದ್ದನ್ನು ಪ್ರೀತಿಯಿಂದ ಕೇಳಿದವರು ಎಲ್ಲೋ ಅಟ್ಟದಲ್ಲಿ ಕೂತ ನಾಲ್ಕು ಜನ. ಕೆಡಿಸಿದವರು ಬೇರೆ. ಬಾಗಿಲು ಮುಚ್ಚಿದ್ದು ಎಲ್ಲರಿಗೂ. ಗ್ಲೋರಿಯಾಗೆ ಹೇಳಿದಾಗ, ತನ್ನೂರಿನದೂ ಯಾವ ದಿನ ನಿಲ್ಲುತ್ತದೋ ಎಂದು ಕಾಯುತ್ತಿದ್ದೇನೆ ಎಂದಳು. ಮೂರು ನಲವತ್ತೇಳಕ್ಕೆ ಒಂದು ಧನ್ಯವಾದ ಬರೆದು ಪೊಲೀಸ್ ಕಚೇರಿಗೆ ಕಳಿಸಿದ್ದೆ, ಸಂಖ್ಯೆಯನ್ನೇ ಬರೆದು. ಅದು ಅವನಿಗೆ ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ಎರಡು ವರ್ಷದ ನಂತರ ಶ್ರೀಧರರ ಕೆಲಸದ ಸಲುವಾಗಿ ನಾವು ದಕ್ಷಿಣಕ್ಕೆ, ಈ ಫೋರ್ಟ್ ಮಿಲ್‌ಗೆ ಬಂದೆವು. ಹೆದ್ದಾರಿಯ ಅಂಚಿನಲ್ಲಿ ಕೌಂಟಿಯವರು ಕೊನೆಗೂ ಒಂದು ಕಾಲುದಾರಿ ಹಾಕಿದ್ದಾರಂತೆ. ವಾಣಿ ಬೆನ್ನುಬಿಡದೆ ಬರೆದದ್ದರ ಫಲ. ಸ್ಟಾಪ್ ಮಾತ್ರ ಇವತ್ತಿಗೂ ಹೊರಗೇ ಇದೆ. ಅವಳು ಲ್ಯಾಬಿನಲ್ಲಿ ಮೇಲಿನ ಹುದ್ದೆಗೆ ಹೋಗಿದ್ದಾಳೆ, ಅದೇ ಬಸ್ಸಿನಲ್ಲೇ ಹೋಗುತ್ತಾಳೆ.

ಆ ವರ್ಷದ ವಿಷಯ ಬಂದಾಗ ನನಗೆ ಕೊನೆಯದಾಗಿ ಕಣ್ಣಿಗೆ ಕಟ್ಟುವುದು ನವೆಂಬರಿನ ರಾಜ್ಯೋತ್ಸವದ ಪಾಟ್‌ಲಕ್. ಅದೇ ಶಾಲೆಯ ಅದೇ ಕೆಫೆಟೇರಿಯಾ. ಮೇಜಿನ ಮೇಲೆ ಬಿಸಿಬೇಳೆಬಾತಿನ ಅಲ್ಯೂಮಿನಿಯಂ ಟ್ರೇಗಳು, ಗೋಡೆಗೆ ಹಳದಿ ಕೆಂಪು ಕಾಗದ. ರೇಡಿಯೊ ನಿಂತ ಮೇಲೆ ಪ್ರಸನ್ನರ ಮ್ಯಾಪಿಗೆ ಹೊಸ ಚುಕ್ಕೆ ಬಿದ್ದಿರಲಿಲ್ಲ, ಗ್ರೂಪಿಗೆ ಅಲರ್ಟ್ ಬಂದಿರಲಿಲ್ಲ. ಸಾಲಿನಲ್ಲಿ ನಿಂತಿದ್ದ ಒಬ್ಬರು ತಟ್ಟೆ ಹಿಡಿದು ಸಮಾಧಾನದ ಉಸಿರು ಬಿಟ್ಟರು.

"ಈಗ ಎಷ್ಟು ಸೇಫ್ ಆಗಿದೆ ಅಲ್ವಾ? ಒಂದು ತಿಂಗಳಿಂದ ಒಂದು ಅಲರ್ಟೂ ಇಲ್ಲ."

ಸುತ್ತಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಪ್ರಸನ್ನ ಕೂಡ. ಅಪರಾಧ ನಿಂತಿಲ್ಲ, ನಿಮಗೆ ಕೇಳಿಸುವುದು ನಿಂತಿದೆ ಎಂದ ನನ್ನ ಮಾತು ಸೌಟುಗಳ ಸದ್ದಿನಲ್ಲಿ ಎಲ್ಲೋ ಹೋಯಿತು. ಆಗ ವಾಣಿ ತನ್ನ ಚೀಲದಿಂದ ಒಂದು ಹಾಳೆ ತೆಗೆದು, ಮೊಸರನ್ನದ ಟ್ರೇ ಸರಿಸಿ, ಅಲ್ಲಿ ಇಟ್ಟಳು. ಬಸ್ ಸ್ಟಾಪನ್ನು ಒಳಗೆ ತರಬೇಕೆಂದು ಕೌಂಟಿಗೆ ಬರೆದ ಮನವಿ. ಮೇಲೆ ಅವಳದು, ಮಹೇಶನದು, ನನ್ನದು, ಶ್ರೀಧರರದು ಸಹಿಗಳು. ಪಕ್ಕದಲ್ಲಿ ಪೆನ್ನು.

"ಭಾಳ ಸೇಫ್ ಆಗೇತಿ ಅಂತೀರಲ್ಲ," ಅಂದಳು, ಎಲ್ಲರಿಗೂ ಕೇಳುವಂತೆ. "ಹಂಗಾದ್ರ ಈಗ ಸಹಿ ಮಾಡ್ರಿ."

ಸಾಲು ನಿಂತಿತು. ಜನ ಹಪ್ಪಳ ಎಲ್ಲಿದೆ ಎಂದು ಹುಡುಕಿದರು, ಮಕ್ಕಳನ್ನು ಕರೆದರು. ಎಲ್ಲರ ಕಣ್ಣು ಕೊನೆಗೆ ಪ್ರಸನ್ನರ ಮೇಲೆ ಹೋಯಿತು. ಅವರು ತಟ್ಟೆ ಕೆಳಗಿಟ್ಟರು, ಪೆನ್ನು ಕೈಗೆತ್ತಿಕೊಂಡರು, ಹಾಳೆಯ ಮೇಲೆ ಬಗ್ಗಿದರು. ಓದಿದರು. ಬಹಳ ಹೊತ್ತು ಓದಿದರು. ನನಗೆ ಒಂದು ಕ್ಷಣ ಅವರು ಮಾಡಿಯೇ ಬಿಡುತ್ತಾರೆ ಅನ್ನಿಸಿತು.

"ಒಳ್ಳೇದು ವಾಣಿ, ಚೆನ್ನಾಗಿ ಬರ್ದಿದೀಯ," ಅಂದರು. "ವೀಕೆಂಡ್ ಮನೇಲಿ ಎಲ್ಲರ ಜೊತೆ ಡಿಸ್ಕಸ್ ಮಾಡಿ ಹೇಳ್ತೀನಿ." ಪೆನ್ನನ್ನು ಯೋಚನೆಯಿಲ್ಲದೆ ತಮ್ಮ ಜೇಬಿಗೆ ಸಿಕ್ಕಿಸಿಕೊಂಡು, ತಟ್ಟೆ ಎತ್ತಿಕೊಂಡು ಮುಂದೆ ನಡೆದರು.

ವಾಣಿ ಅವರ ಹಿಂದೆಯೇ ಹೋಗಿ ಎದುರಿಗೆ ನಿಂತು ಕೈ ಚಾಚಿದಳು.

"ಪೆನ್ನರ ಕೊಟ್ಟ ಹೋಗ್ರಿ. ಹಿಂದ ಇನ್ನೂ ಮಂದಿ ಅದಾರ."